ಮಂದಿ ಕೂಸು

ನನಗೆ ಸಕ್ಕರೆ ಕಾಯಿಲೆ ಅಂಟಿಕೊಂಡ ಮೇಲೆ ಡಾಕ್ಟರು ಚಪಾತಿ ಹಿಟ್ಟಿಗೆ ತೌಡು ಕಲಸಿಕೊಳ್ಳಿ ಎಂದರು. ಸೊಸೆ ಅಂಗಡಿಯಿಂದ ಒಂದು ಪೊಟ್ಟಣ ತಂದಳು. ಹೊಳೆಯುವ ಕಾಗದ, ಮೇಲೆ ನಗುವ ಹೆಂಗಸಿನ ಚಿತ್ರ, ಬೆಲೆ ಗೋಧಿಗಿಂತ ಹೆಚ್ಚು. ನಮ್ಮ ಕಾಲದಲ್ಲಿ ಎಮ್ಮೆಗೆ ಹಾಕುತ್ತಿದ್ದುದನ್ನು ಈಗ ಮುದುಕಿಗೆ ಹಾಕುತ್ತಾರೆ ಎಂದು ನಾನು ನಕ್ಕೆ. ಪೊಟ್ಟಣದ ಮೂಲೆ ಕತ್ತರಿಸಿದಾಗ ವಾಸನೆ ಬಂತು... ಒಣಗಿದ, ತುಸು ಸಿಹಿಯಾದ, ಗಂಟಲಲ್ಲಿ ಧೂಳು ಕೂರುವಂಥ ವಾಸನೆ. ನಗು ಅಲ್ಲಿಗೇ ನಿಂತಿತು. ಇಂಥ ಒಂದು ಹಿಡಿ ತೌಡಿಗೆ ನನ್ನ ತಂಗಿಯನ್ನು ಮಾರಿದ್ದರು. ಇನ್ನೊಂದು ಹಿಡಿಗೆ ನಮ್ಮವ್ವ ಬೇರೆಯವರ ಕೂಸನ್ನು ಕೊಂಡಿದ್ದಳು. ಎರಡೂ ವ್ಯಾಪಾರಗಳ ನಡುವೆ ಅಕ್ಕೋರು ಇದ್ದರು.

ಆಗ ನಾವು ಸೊಲ್ಲಾಪುರದ ಒಂದು ಗಿರಣಿ ಚಾಳದಲ್ಲಿದ್ದೆವು, ಒಂದೊಂದು ಖೋಲಿಯಲ್ಲಿ ಒಂದೊಂದು ಸಂಸಾರ. ಐವತ್ತರ ದಶಕ, ಭಾಷೆ ನೋಡಿ ರಾಜ್ಯ ಹಂಚುತ್ತಾರಂತೆ ಎಂದು ಗಂಡಸರು ಕಟ್ಟೆಯ ಮೇಲೆ ಕೂತು ವಾದಿಸುತ್ತಿದ್ದ ಕಾಲ. ಅಪ್ಪ ಮಗ್ಗದ ಖಾತೆಯಲ್ಲಿ ಕೆಲಸಕ್ಕಿದ್ದ. ಗಿರಣಿಯ ಭೋಂಗಾ ಕೂಗಿದರೆ ಏಳುವುದು, ಮತ್ತೆ ಕೂಗಿದರೆ ಉಣ್ಣುವುದು. ಗಡಿಯಾರ ಯಾರ ಖೋಲಿಯಲ್ಲೂ ಇರಲಿಲ್ಲ. ನಮ್ಮ ಸಾಲಿನಲ್ಲಿ ಜಗಳವೊಂದು ಮರಾಠಿಯಲ್ಲಿ ಶುರುವಾದರೆ ಕನ್ನಡದಲ್ಲಿ ಬೆಳೆದು ತೆಲುಗಿನಲ್ಲಿ ಮುಗಿಯುತ್ತಿತ್ತು. ಮಕ್ಕಳಂತೂ ನೀರಿನ ನಳದ ಸುತ್ತ ಇರುವೆಗಳ ಹಾಗೆ. ಯಾರ ಮಕ್ಕಳು ಯಾರ ಮನೆಯಲ್ಲಿ ಉಂಡವು ಎಂದು ಯಾರೂ ಕೇಳುತ್ತಿರಲಿಲ್ಲ.

ಅಂಥ ಕಡೆಗೆ ಅಕ್ಕೋರು ಬಂದರು. ಅಕ್ಕೋರು ಎಂದರೆ ನಮ್ಮ ಕಡೆ ಸಾಲಿ ಕಲಿಸುವ ಹೆಂಗಸು. ಇವರು ನಮಗೆ ಏನನ್ನೂ ಕಲಿಸಲಿಲ್ಲ. ನಮ್ಮನ್ನೇ ಕಲಿಯಲು ಬಂದಿದ್ದರು. ಧಾರವಾಡದ ಕಡೆಯವರು, ಬಿ.ಎ. ಮುಗಿಸಿ ಇನ್ನೂ ದೊಡ್ಡ ಪದವಿಗೆ ಓದುತ್ತಿದ್ದರು. ಅದಕ್ಕೊಂದು ಪ್ರಬಂಧ ಬರೆಯಬೇಕಿತ್ತು. ಪ್ರಬಂಧದ ವಿಷಯ ಮಕ್ಕಳು: ಗಿರಣಿ ಕೆಲಸಗಾರರ ಮಕ್ಕಳು ಏನು ಆಡುತ್ತಾರೆ, ಏನು ಕತೆ ಕಟ್ಟುತ್ತಾರೆ, ಯಾರಿಗೆ ಹೆದರುತ್ತಾರೆ. ಇದನ್ನು ಕೇಳಿ ನಮ್ಮ ಚಾಳದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು.

ಎದುರು ಖೋಲಿಯಲ್ಲಿ ಬೀಡಿ ಕಟ್ಟುವ ಒಬ್ಬ ಮುದುಕಿ ಇದ್ದಳು. ಚಾಳಕ್ಕೆಲ್ಲ ಅವಳು ಬೀಡಿಯವ್ವ. ಅವಳು ಮೊರದಿಂದ ಕಣ್ಣೆತ್ತದೆ ಕೇಳಿದಳು, "ಮಕ್ಕಳ ಸುದ್ದಿ ತಿಳ್ಕೋಬೇಕಂದ್ರ ಎರಡು ಹಡೀಬೇಕಬೇ. ಅದಕ್ಯಾಕ ಕಾಲೇಜ?"

"ಹಡದವರಿಗೆ ಬರಿಯಾಕ ಪುರಸೊತ್ತು ಎಲ್ಲಿರ್ತದ್ರಿ? ಅದಕ್ಕ ನಾ ಬಂದೀನಿ" ಎಂದರು ಅಕ್ಕೋರು. ಬೀಡಿಯವ್ವನ ಬಾಯಿ ಮುಚ್ಚಿಸಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಂದಿನಿಂದ ಅವರಿಗೆ ಚಾಳದಲ್ಲಿ ಚಹಾ ಸಿಗತೊಡಗಿತು.

ಅವರಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ತೆಳು ಬಣ್ಣದ ಸೀರೆ, ಕೈಯಲ್ಲಿ ಕೊಡೆ, ಕಾಲಲ್ಲಿ ಚಪ್ಪಲಿ. ಸಂಜೆ ಹೊತ್ತಿಗೆ ಸೀರೆಯ ತುಂಬ ಹತ್ತಿಯ ಎಳೆ ಮೆತ್ತಿಕೊಂಡು ಅವರೂ ಗಿರಣಿಯಿಂದ ಬಂದವರ ಹಾಗೆ ಕಾಣುತ್ತಿದ್ದರು. ಅವರ ಕೆಲಸದ ರೀತಿಯೇ ಬೇರೆ. ನಮ್ಮನ್ನು ಸಾಲಾಗಿ ನಿಲ್ಲಿಸಿ ಪ್ರಶ್ನೆ ಕೇಳಲಿಲ್ಲ. ನಳದ ಪಕ್ಕದ ಕಲ್ಲಿನ ಹತ್ತಿರ ನೆಲಕ್ಕೇ ಕೂತು ಕತೆಯೊಂದನ್ನು ಶುರು ಮಾಡಿ, ನಡುವೆ ನಿಲ್ಲಿಸಿ, "ಮುಂದ?" ಎನ್ನುತ್ತಿದ್ದರು. ಮುಂದಿನದನ್ನು ನಾವು ಹೇಳಬೇಕು. ಯಾರು ಏನು ಹೇಳಿದರೂ ತಪ್ಪಲ್ಲ. ಹುಲಿ ಬಂದು ಚಹಾ ಕುಡಿಯಿತು ಎಂದರೂ ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು. ಪ್ರಬಂಧ ಇಂಗ್ಲಿಷಿನಲ್ಲಿ, ಅವರ ಪ್ರೊಫೆಸರರಿಗೆ. ಆದರೆ ನಮ್ಮ ಕತೆಗಳನ್ನೆಲ್ಲ ಸೇರಿಸಿ ಕನ್ನಡದಲ್ಲಿ ಒಂದು ಮಕ್ಕಳ ಪುಸ್ತಕ ಮಾಡುವ ಆಸೆಯೂ ಅವರಿಗಿತ್ತು. "ಅದು ಪದವಿಗೆ, ಇದು ನನಗ" ಎಂದು ಒಮ್ಮೆ ನಮ್ಮವ್ವನ ಮುಂದೆ ಹೇಳಿದ್ದು ನೆನಪಿದೆ.

"ಮುಂದ?" ಎಂದಾಗ ಎಲ್ಲರಿಗಿಂತ ಮೊದಲು ಬಾಯಿ ತೆರೆಯುತ್ತಿದ್ದವಳು ನನ್ನ ತಂಗಿ. ಅವಳನ್ನು ತೌಡಿ ಎಂದು ಕರೆಯುತ್ತಿದ್ದೆವು. ಅವಳಿಗೆ ಆಗ ಐದೋ ಆರೋ ವರ್ಷ. ಒಂದು ಕುರಿಮರಿಯ ಕತೆ ಅವಳದೇ. ಗಿರಣಿಯ ಚಿಮಣಿಯಿಂದ ಹೊರಡುವ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಕುರಿಮರಿ ಚಿಮಣಿ ಹತ್ತುತ್ತದೆ. ದಿನಾ ಇಷ್ಟಿಷ್ಟು ಹತ್ತಿಸುತ್ತಿದ್ದಳು. ಉಳಿದ ಮಕ್ಕಳಿಗೆ ಕುರಿಮರಿ ಒಮ್ಮೆ ಬಿದ್ದರೆ ಸಾಕಾಗಿತ್ತು. ತೌಡಿ ಬೀಳಗೊಡುತ್ತಿರಲಿಲ್ಲ.

ಅಕ್ಕೋರು ಒಂದನ್ನು ಗಮನಿಸಿದರು. ತೌಡಿಯ ಯಾವ ಕತೆಯಲ್ಲೂ ಒಬ್ಬಳೇ ಅವ್ವ ಇರುತ್ತಿರಲಿಲ್ಲ. ಕುರಿಮರಿಗೂ ಇಬ್ಬರು, ಗುಬ್ಬಿಗೂ ಇಬ್ಬರು, ರಾಜನಿಗೂ ಇಬ್ಬರು. ಒಬ್ಬಳು ಹಾಲು ಕೊಡುತ್ತಾಳೆ, ಇನ್ನೊಬ್ಬಳು ಎದುರು ಮನೆಯಲ್ಲಿ ಕೂತಿರುತ್ತಾಳೆ. ಇದು ಯಾಕೆ ಎಂದು ಅವರು ಮೊದಲು ಕೇಳಿದ್ದು ನನ್ನನ್ನೇ. ನಾನು ಹತ್ತು ವರ್ಷದವಳು. ಇದರಲ್ಲಿ ಕೇಳುವಂಥದ್ದು ಏನಿದೆ ಎಂದು ನನಗೇ ಆಶ್ಚರ್ಯ.

ನನ್ನ ಬೆನ್ನಿಗೆ ಇಬ್ಬರು ಗಂಡುಮಕ್ಕಳು ಹುಟ್ಟಿ ತೊಟ್ಟಿಲಲ್ಲೇ ಹೋಗಿದ್ದರು. ಹೀಗೆ ಕೂಸು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ಮಾರಿಬಿಡುವುದು ನಮ್ಮ ಕಡೆಯ ಪದ್ಧತಿ. ಸಾವು ಆ ಮನೆಯ ಮಕ್ಕಳನ್ನು ಹುಡುಕಿಕೊಂಡು ಬರುತ್ತದೆ, ಬಂದಾಗ ಇದು ನಮ್ಮದಲ್ಲ ಎನ್ನಬೇಕು. ತೌಡಿ ಹುಟ್ಟಿದ ದಿನ ಅವಳನ್ನು ಮೊರದಲ್ಲಿ ಮಲಗಿಸಿ ಬೀಡಿಯವ್ವನ ಮುಂದಿಟ್ಟರು. ಐದು ಮಕ್ಕಳನ್ನು ಹಡೆದು ಐದನ್ನೂ ಉಳಿಸಿಕೊಂಡವಳು ಅವಳು. ಒಂದು ಹಿಡಿ ತೌಡನ್ನು ನಮ್ಮವ್ವನ ಉಡಿಗೆ ಹಾಕಿ "ಈ ಕೂಸು ನಂದು" ಎಂದು ಎತ್ತಿಕೊಂಡಳು. ಆಮೇಲೆ "ನಮ್ಮ ಕೂಸು, ಜ್ವಾಕಿ ಮಾಡ್ರಿ" ಎಂದು ತಿರುಗಿ ನಮ್ಮವ್ವನ ಕೈಗೇ ಕೊಟ್ಟಳು. ಅಷ್ಟೇ ವ್ಯಾಪಾರ. ಅಂದಿನಿಂದ ತೌಡಿ ಬೀಡಿಯವ್ವನನ್ನು ಅವ್ವ ಎನ್ನಬೇಕು, ನಮ್ಮವ್ವನನ್ನು ಅತ್ತಿ ಎನ್ನಬೇಕು. ಹೊಸ ಅಂಗಿ ತೊಡಿಸುವಂತಿಲ್ಲ, ಚೆಂದ ಎನ್ನುವಂತಿಲ್ಲ. ಯಾರಾದರೂ "ಯಾರ ಮಗಳು?" ಎಂದರೆ ನಮ್ಮವ್ವ "ಮಂದಿ ಕೂಸ್ರಿ" ಎನ್ನುತ್ತಿದ್ದಳು, ಬೇರೆಯವರ ಕೂಸು ಎಂದು. ಮದುವೆಯ ಹೊತ್ತಿಗೆ ಹೆತ್ತವಳು ತೌಡನ್ನು ತಿರುಗಿಸಿ ಕೊಟ್ಟು ಮಗಳನ್ನು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಬಾಯಿ ತಪ್ಪಿಯೂ ನನ್ನ ಮಗಳು ಎನ್ನಕೂಡದು.

ಅಕ್ಕೋರು ಧಾರವಾಡದವರು. ಇಂಥದ್ದನ್ನು ಕೇಳದವರೇನಲ್ಲ. ಆದರೆ ಕೇಳುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಒಂದು ದಿನ ನಳದ ಹತ್ತಿರ ತೌಡಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನಿನ್ನ ಅವ್ವ ಯಾರು?" ಎಂದು ಕೇಳಿದರು. ತೌಡಿ ಬೆರಳು ಮಡಚಿ ಹೇಳಿದಳು, "ಬೀಡಿಯವ್ವ ಕೊಂಡ ಅವ್ವ. ಅತ್ತಿ ಹಾಲವ್ವ. ಖರೇ ಅವ್ವ ಇನ್ನಾ ಬಂದಿಲ್ಲ."

"ಎಲ್ಲಿಂದ ಬರ್ತಾಳ?"

"ಭೋಂಗಾ ಆದ್ಮ್ಯಾಲ ಬರ್ತಾಳ."

ಅಕ್ಕೋರು ಅದನ್ನು ಬರೆದುಕೊಳ್ಳಲಿಲ್ಲ. ಪೆನ್ನು ಕೈಯಲ್ಲೇ ಇತ್ತು... ಭೋಂಗಾ ಆದಾಗೆಲ್ಲ ತೌಡಿ ಚಾಳದ ಬಾಯಿಗೆ ಓಡಿ, ಗಿರಣಿಯಿಂದ ಬರುವ ಹೆಂಗಸರ ಮುಖ ನೋಡುತ್ತ ನಿಲ್ಲುತ್ತಿದ್ದುದನ್ನು ನಾವೆಲ್ಲ ಕಂಡಿದ್ದೆವು. ಅಪ್ಪನಿಗೆ ಕಾಯುತ್ತಾಳೆ ಎಂದುಕೊಂಡಿದ್ದೆವು. ಅಪ್ಪ ಬಂದ ಮೇಲೂ ಯಾಕೆ ನಿಂತಿರುತ್ತಾಳೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಅಂದಿನಿಂದ ಅಕ್ಕೋರು ನಮ್ಮವ್ವನ ಬೆನ್ನು ಹತ್ತಿದರು. ದಬಾಯಿಸಲಿಲ್ಲ, ಉಪದೇಶ ಮಾಡಲಿಲ್ಲ. ಜೋಳ ಹಸನು ಮಾಡುವಾಗ ಪಕ್ಕದಲ್ಲಿ ಕೂತು ತಾವೂ ಕಲ್ಲು ಆರಿಸುತ್ತ ಅದೇ ಮಾತಿಗೆ ಬರುತ್ತಿದ್ದರು. ಅವರೂ ಸಣ್ಣವರಿದ್ದಾಗ ತಾಯಿಯನ್ನು ಕಳೆದುಕೊಂಡು ದೊಡ್ಡಮ್ಮನ ಮನೆಯಲ್ಲಿ ಬೆಳೆದವರು. ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಆದರೂ ಇಡೀ ಬಾಲ್ಯ ಬಾಗಿಲು ನೋಡುತ್ತ ಕಳೆದೆ ಎಂದು ಒಮ್ಮೆ ಹೇಳಿದರು. ನಮ್ಮವ್ವ ಜೋಳ ಕೇರುತ್ತಲೇ ಕೇಳಿಸಿಕೊಂಡಳು.

"ಒಂದ್ ಸಲ ಅನ್ರಿ ಅವ್ವಾರ. ಒಂದ ಸಲ. ಆಮ್ಯಾಲ ಬೇಕಂದ್ರ ಅನಬ್ಯಾಡ್ರಿ."

"ನಂಗೇನ ಆಸಿ ಇಲ್ಲೇನ್ರಿ?" ಎಂದಳು ಅವ್ವ. "ದಿನಾ ನಾಲಿಗಿ ತುದೀಗೆ ಬರ್ತೈತಿ. ಕಚ್ಚಿ ಹಿಡೀತೀನಿ."

ಅದು ಎಷ್ಟು ದಿನ ನಡೆಯಿತೋ ತಿಳಿಯದು. ಒಂದು ಮಧ್ಯಾಹ್ನ ಅವ್ವ ತೌಡಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಅಕ್ಕೋರು ಹೊಸ್ತಿಲ ಮೇಲೆ ಕೂತಿದ್ದರು, ನಾನು ಒಳಗೆ ಮುಸುರೆ ತಿಕ್ಕುತ್ತಿದ್ದೆ. ಯಾರೂ ಏನೂ ಕೇಳಲಿಲ್ಲ. ಇದ್ದಕ್ಕಿದ್ದಂತೆ ಅವ್ವ ತೌಡಿಯ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ಅಂದುಬಿಟ್ಟಳು:

"ನೀ ನನ್ನ ಮಗಳದೀ. ನಾನಾ ನಿನ್ನ ಹಡದೀನಿ."

ತೌಡಿ ಸ್ವಲ್ಪ ಹೊತ್ತು ಅವ್ವನನ್ನೇ ನೋಡಿದಳು. ಆಮೇಲೆ ಎದ್ದು, ಅರ್ಧ ಬಾಚಿದ ತಲೆಯಲ್ಲೇ ಹೊರಗೆ ಓಡಿದಳು. ಒಂದೊಂದು ಖೋಲಿಯ ಬಾಗಿಲಲ್ಲಿ ನಿಂತು "ನನ್ನ ಖರೇ ಅವ್ವ ಬಂದಾಳ! ನನ್ನ ಖರೇ ಅವ್ವ ಬಂದಾಳ!" ಎಂದು ಕೂಗಿದಳು. ಮರಾಠಿ ಮನೆಗಳ ಮುಂದೆ ಮರಾಠಿಯಲ್ಲೂ ಕೂಗಿದಳು. ಅಕ್ಕೋರು ಅಳುತ್ತ ನಗುತ್ತ ಕೂತಿದ್ದರು. ಎದುರು ಖೋಲಿಯಲ್ಲಿ ಬೀಡಿಯವ್ವ ಮೊರ ಕೆಳಗಿಟ್ಟು "ಅಂದಬಿಟ್ಟಿ?" ಎಂದಳು. ಅವ್ವನ ಕೈಯ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಆ ಕೆಲವು ವಾರ ನಮ್ಮ ಮನೆಯಲ್ಲಿ ಹಬ್ಬವಿದ್ದಂತೆ ಇತ್ತು. ಅವ್ವ ಗಿರಣಿಯ ತುಂಡು ಬಟ್ಟೆಯಲ್ಲಿ ತೌಡಿಗೆ ಒಂದು ಹೊಸ ಅಂಗಿ ಹೊಲಿದಳು. ಹುಟ್ಟಿದಾಗಿನಿಂದ ಅವಳಿಗೆ ಮೊದಲ ಹೊಸ ಅಂಗಿ. ತೌಡಿ ಭೋಂಗಾಕ್ಕೆ ಓಡುವುದು ಬಿಟ್ಟಳು. ಅವಳ ಕತೆಗಳಲ್ಲಿ ಎದುರು ಮನೆಯ ಅವ್ವ ಕಾಣೆಯಾದಳು. ಅಕ್ಕೋರಿಗೆ ಆದ ಸಂತೋಷ ಹೇಳತೀರದು. ತಮ್ಮ ಪ್ರಬಂಧದಲ್ಲಿ ಇದಕ್ಕೇ ಒಂದು ಅಧ್ಯಾಯ ಇಡುತ್ತೇನೆ ಎಂದು ನಮಗೆಲ್ಲ ಬತ್ತಾಸು ಹಂಚಿದರು. ಕುರಿಮರಿ ಚಿಮಣಿಯ ತುದಿಗೆ ತಲುಪಿತ್ತು. ಹೊಗೆಯನ್ನು ಕೇಳುವುದೊಂದು ಬಾಕಿ ಇತ್ತು.

ಚಳಿಗಾಲ ಬಂತು. ಊರಲ್ಲಿ ಗಂಟಲಮಾರಿ ಬಂತು. ಬೇರೆ ಬೇರೆ ಓಣಿಗಳಲ್ಲಿ ಮಕ್ಕಳು ಹೋಗುತ್ತಿದ್ದವು. ನಮ್ಮ ಚಾಳದಲ್ಲಿ ಹೋದದ್ದು ಒಂದೇ ಕೂಸು. ಜ್ವರ ಬಂತು, ಕುತ್ತಿಗೆ ಬಾತುಕೊಂಡಿತು, ದನಿ ಹೋಯಿತು. ಅಪ್ಪ ಹೊತ್ತುಕೊಂಡು ದವಾಖಾನೆಗೆ ಓಡಿದ. ಅಲ್ಲಿಯವರು ಮಾಡುವುದನ್ನೆಲ್ಲ ಮಾಡಿದರು... ಅಷ್ಟು ಮಾತಾಡುತ್ತಿದ್ದ ಹುಡುಗಿ ಕೊನೆಗೆ ಒಂದು ಮಾತೂ ಆಡಲಾಗದೆ ಬೆಳಗಿನ ಭೋಂಗಾಕ್ಕೆ ಮುಂಚೆ ಹೋದಳು. ಆ ಹೊಸ ಅಂಗಿಯನ್ನೇ ತೊಡಿಸಿ ಮಣ್ಣು ಕೊಟ್ಟರು.

ಚಾಳದಲ್ಲಿ ಯಾರೂ ಅಕ್ಕೋರ ಎದುರಿಗೆ ಒಂದು ಮಾತು ಆಡಲಿಲ್ಲ. ಬೀಡಿಯವ್ವ ಮೊದಲೇ ತಾಕೀತು ಮಾಡಿದ್ದಳು: "ಊರಾಗೆಲ್ಲಾ ಬಂದೈತಿ ಬ್ಯಾನಿ. ಆ ಹುಡುಗೀನ ಯಾರೂ ಅನಬ್ಯಾಡ್ರಿ." ಅನ್ನಲಿಲ್ಲ. ಆದರೆ ಅಕ್ಕೋರು ನಳದ ಹತ್ತಿರ ಬಂದು ಕೂತರೆ ಒಂದೊಂದೇ ಬಾಗಿಲಿಂದ ಒಂದೊಂದೇ ತಾಯಿ ಬಂದು ತನ್ನ ಕೂಸಿನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಳದ ಮುಂದೆ ಅಕ್ಕೋರು ಮತ್ತು ನಾನು ಇಬ್ಬರೇ. ನನ್ನನ್ನು ಮಾತ್ರ ಯಾರೂ ಕರೆಯಲು ಬರಲಿಲ್ಲ. ನಮ್ಮವ್ವನಿಗೆ ಆಗ ನನ್ನ ನೆನಪೇ ಇರಲಿಲ್ಲ.

ಕೊನೆಗೆ ಅವರು ನಮ್ಮ ಖೋಲಿಗೇ ಬಂದರು. ಅವ್ವ ಎದ್ದು ನೀರು ಕೊಟ್ಟಳು. ಅಕ್ಕೋರು ಲೋಟ ಹಿಡಿದುಕೊಂಡೇ ಹೇಳಿದರು, "ಅದು ಗಂಟಲಿನ ರೋಗ ಅವ್ವಾರ... ಒಬ್ಬರಿಂದ ಒಬ್ಬರಿಗೆ ಹತ್ತತದ. ಮಾತಿನಿಂದ ಬರೂದಲ್ಲ."

"ಗೊತ್ತೈತ್ರಿ ನನಗೂ" ಎಂದಳು ಅವ್ವ. ಆಮೇಲೆ, ಬಹಳ ಸಾವಧಾನವಾಗಿ, "ಆದ್ರ ಅಂದಿದ್ದಂತೂ ಅಂದೀನಲ್ರಿ" ಎಂದಳು.

ಅಕ್ಕೋರು ನೀರು ಕುಡಿಯಲಿಲ್ಲ. ಲೋಟವನ್ನು ಹೊಸ್ತಿಲ ಬದಿಗಿಟ್ಟು ಹೋದರು. ಧಾರವಾಡಕ್ಕೆ ಹೋದರಂತೆ, ಪ್ರಬಂಧ ಬರೆಯಲಿಲ್ಲವಂತೆ, ಪ್ರೊಫೆಸರರು ಎಷ್ಟು ಹೇಳಿದರೂ ಕೇಳಲಿಲ್ಲವಂತೆ ಎಂದು ನಮ್ಮ ಸಾಲಿಯ ಮಾಸ್ತರರಿಂದ ಸುದ್ದಿ ಬಂತು. ಕತೆಯ ಪುಸ್ತಕವೂ ಬರಲಿಲ್ಲ. ಕುರಿಮರಿ ಚಿಮಣಿಯ ತುದಿಯಲ್ಲೇ ಉಳಿಯಿತು.

ಇದಾಗಿ ಮೂರು ನಾಲ್ಕು ವರ್ಷಗಳ ಮೇಲಿನ ಮಾತು. ಅಷ್ಟರಲ್ಲಿ ರಾಜ್ಯ ಹಂಚುವುದು ಮುಗಿದು ನಾವು ಇದ್ದಲ್ಲೇ ಉಳಿದಿದ್ದೆವು. ನಮ್ಮವ್ವನ ತವರು ಅಕ್ಕಲಕೋಟ. ಸೋದರಮಾವನ ಮಗನ ಮದುವೆಗೆಂದು ಹೋಗಿದ್ದೆವು. ಸ್ಟೇಷನ್ನಿನಲ್ಲಿ ಇಳಿದರೆ ಊರು ಎಲ್ಲಿದೆ ಎಂದು ಹುಡುಕಬೇಕು, ಟಾಂಗಾದಲ್ಲಿ ಸೊಂಟ ಮುರಿಯುವಷ್ಟು ದೂರ. ಮದುವೆ ಮುಗಿದ ಮೇಲೆ ಬಂದ ಗುರುವಾರ ಅವ್ವ ನನ್ನನ್ನು ಕರೆದುಕೊಂಡು ಆಲದ ಮರದ ಗುಡಿಗೆ ಹೋದಳು. ಪ್ರಸಾದದ ಸಾಲಿನಲ್ಲಿ ನಮ್ಮ ಮುಂದೆ ಒಬ್ಬ ಹೆಂಗಸು ಕೂಸನ್ನೆತ್ತಿಕೊಂಡು ನಿಂತಿದ್ದರು. ಕೂಸಿನ ಮೈಮೇಲೆ ಯಾರದೋ ಹಳೆಯ, ಬಣ್ಣಗೆಟ್ಟ ಅಂಗಿ. ಕೆನ್ನೆಯ ತುಂಬ ಕಾಡಿಗೆ ಬಳಿದು ಮುಖವೇ ಕಾಣದಂತೆ ಮಾಡಿದ್ದರು. ಆ ಹೆಂಗಸು ತಿರುಗಿದಾಗ ನೋಡಿದರೆ ಅಕ್ಕೋರು.

ಸೊರಗಿದ್ದರು. ಅಕ್ಕಲಕೋಟದ ಸಾಲಿಯೊಂದರಲ್ಲಿ ವಿಜ್ಞಾನ ಕಲಿಸುವ ಮಾಸ್ತರರನ್ನು ಮದುವೆಯಾಗಿದ್ದರಂತೆ. ಅವ್ವ ಅವರನ್ನು ನೋಡಿದಳು, ಕೂಸನ್ನು ನೋಡಿದಳು. ಕೊನೆಗೆ ಅವ್ವ, ಎಲ್ಲರೂ ಕೇಳುವುದನ್ನೇ ಕೇಳಿದಳು:

"ನಿಮ್ಮ ಮಗಳೇನ್ರಿ?"

ಅಕ್ಕೋರು ಕೂಸನ್ನು ಎದೆಗೆ ಇನ್ನೂ ಬಿಗಿಯಾಗಿ ಒತ್ತಿಕೊಂಡು ಹೇಳಿದರು, "ಅಲ್ರಿ... ಮಂದಿ ಕೂಸು."

ನನಗೆ ನಗು ಬರುವುದರಲ್ಲಿತ್ತು. ಕೂಸಿಗೆ ಅವರದೇ ಮೂಗು, ಅವರದೇ ಹುಬ್ಬು. ಅವ್ವನ ಮುಖ ನೋಡಿ ಸುಮ್ಮನಾದೆ. ನಮ್ಮವ್ವ ಅವರನ್ನು ಸಾಲಿನಿಂದ ಈಚೆ ಕರೆದು, ಮರದ ಬೇರಿನ ಹತ್ತಿರ ಕೂರಿಸಿ ಕೇಳಿದಳು, "ಯಾರ ಕೊಂಡಾರ ಇದನ್ನ?"

"ಯಾರೂ ಕೊಂಡಿಲ್ರಿ. ಯಾರ್ನ ಕೇಳಲಿ? ಮನ್ಯಾಗ ತಿಳದ್ರ ನಗ್ತಾರ. ನಾನಾ ಬಾಯಿಲೆ ಅನಕೋತ ಅಡ್ಡಾಡ್ತೀನಿ, ನಂದಲ್ಲ, ನಂದಲ್ಲ ಅಂತ." ಕೂಸನ್ನು ಮುಂದೆ ಹಿಡಿದು ಹೇಳಿದರು, "ನೀವಾ ತಗೋರಿ ಅವ್ವಾರ."

"ನನ್ನ ಉಡಿ ಚೊಲೊ ಅಲ್ರಿ. ನಿಮಗ ಗೊತ್ತಿಲ್ಲೇನು? ಮೂರು ಮಣ್ಣು ಮಾಡೀನಿ. ಐದು ಉಳಿಸ್ಕೊಂಡಾಕಿನ್ನ ಹುಡುಕ್ರಿ."

"ಬ್ಯಾರೆಯವ್ರು ಬ್ಯಾಡ್ರಿ" ಎಂದರು ಅಕ್ಕೋರು. "ನೀವಾ ಆಗಬೇಕು."

ಅವರು ಅತ್ತದ್ದು ಅಲ್ಲಿ. ನಮ್ಮವ್ವ ಅಳಲಿಲ್ಲ. ಮಾವನ ಮನೆಗೆ ಕರೆದುಕೊಂಡು ಬಂದಳು. ಎಮ್ಮೆಗೆಂದು ಇಟ್ಟಿದ್ದ ಚೀಲದಿಂದ ಒಂದು ಹಿಡಿ ತೌಡು ತಂದು ಅಕ್ಕೋರ ಉಡಿಗೆ ಹಾಕಿದಳು. ಕೂಸನ್ನು ಎತ್ತಿಕೊಂಡಳು. "ಈ ಕೂಸು ನಂದು" ಎನ್ನಬೇಕಿತ್ತು. ಬಾಯಿ ತೆರೆದಳು, ದನಿ ಬರಲಿಲ್ಲ. ಅವಳು ಅಂಥ ಮಾತನ್ನು ಕೊನೆಯ ಸಲ ಹೇಳಿದ್ದು ಯಾರಿಗೆ ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಅಕ್ಕೋರು ಕಾದರು. ಹೊರಗೆ ಎಮ್ಮೆ ಗೋದಲಿಗೆ ಕೊಂಬು ತಿಕ್ಕುತ್ತಿತ್ತು... ಕೊನೆಗೆ ಅವ್ವ ಹೇಳಿದಳು, ಕೂಸನ್ನು ತಿರುಗಿ ಕೊಟ್ಟಳು, ಜ್ವಾಕಿ ಮಾಡ್ರಿ ಎಂದಳು.

ಹಾಗೆ ನಮ್ಮವ್ವನಿಗೆ ಅಕ್ಕಲಕೋಟದಲ್ಲಿ ಒಂದು ಕೂಸಾಯಿತು. ಪಂಚಮಿಗೆ ಹಳೆಯ ಬಟ್ಟೆಯಲ್ಲಿ ಹೊಲಿದ ಅಂಗಿಯೊಂದನ್ನು ಕಳಿಸುತ್ತಿದ್ದಳು. ಆ ಕೂಸು ನಮ್ಮವ್ವನನ್ನು ಅವ್ವ ಎಂದಿತು, ನನ್ನನ್ನು ಅಕ್ಕ ಎಂದಿತು. ಹೆತ್ತವಳನ್ನು ಊರವರೆಲ್ಲ ಕರೆಯುವಂತೆ ಅಕ್ಕೋರ ಎಂದೇ ಕರೆಯಿತು. ಮಾಸ್ತರರು ಇದನ್ನು ಹೆಂಡತಿಯ ಹುಚ್ಚು ಎಂದುಕೊಂಡು ಬಿಟ್ಟರು. ಅಕ್ಕೋರು ಅದೇ ಸಾಲಿಯಲ್ಲಿ ಸಣ್ಣ ಮಕ್ಕಳಿಗೆ ಕಲಿಸಿದರು. ಮಗ್ಗಿ ಕಲಿಸಿದರು, ಅಕ್ಷರ ಕಲಿಸಿದರು. ಕತೆ ಹೇಳುತ್ತಿರಲಿಲ್ಲವಂತೆ.

ಕೂಸು ಬದುಕಿತು, ಬೆಳೆಯಿತು, ಮದುವೆಯ ವಯಸ್ಸಿಗೆ ಬಂತು. ಮದುವೆಗೆ ಹೋಗುವಾಗ ನಮ್ಮವ್ವ, ಇವತ್ತು ಆಕೆ ತೌಡು ತಿರುಗಿಸಿ ಮಗಳನ್ನು ಬಿಡಿಸಿಕೊಳ್ಳುತ್ತಾಳೆ ಎಂದು ಉಡಿ ಕಟ್ಟಿಕೊಂಡೇ ಹೋಗಿದ್ದಳು. ಅಕ್ಕಿಕಾಳು ಬಿದ್ದವು, ಊಟವಾಯಿತು. ಅಕ್ಕೋರು ಬಂದು ಅವ್ವನ ಕೈ ಹಿಡಿದುಕೊಂಡು, "ಇರ್ಲಿ ಬಿಡ್ರಿ. ನಿಮ್ಮದಾ ಇರ್ಲಿ" ಎಂದರು. ಮೊದಲ ಬಾಣಂತನ ಆಗಲಿ ಎಂದರು ಆಮೇಲೆ. ಆಮೇಲೆ ಅದೂ ಇಲ್ಲ. ನನಗೆ ಸಿಟ್ಟು ಬಂದಿತ್ತು. ಅಷ್ಟು ಓದಿದವರು, ಒಂದು ಕೂಸಿನ ಮನಸ್ಸಿನಲ್ಲಿ ಏನಿರುತ್ತದೆಂದು ನಮಗೆಲ್ಲ ತೋರಿಸಿಕೊಟ್ಟವರು, ತಮ್ಮ ಕೂಸು ಬಾಗಿಲು ನೋಡುತ್ತ ಕೂತಿರುವುದನ್ನು ಕಾಣಲಿಲ್ಲವೇ ಎಂದು. ಈಗ ಸಿಟ್ಟಿಲ್ಲ. ಅವರು ಎಲ್ಲರಿಗಿಂತ ಚೆನ್ನಾಗಿ ಕಂಡಿದ್ದರು, ಕಂಡೂ ನಾಲಿಗೆ ಕಚ್ಚಿ ಹಿಡಿದಿದ್ದರು. ನಮ್ಮವ್ವ ಐದಾರು ವರ್ಷ ಹಿಡಿದದ್ದನ್ನು ಅವರು ಜೀವಮಾನವೆಲ್ಲ ಹಿಡಿದರು.

ಅವ್ವ ತೀರಿಕೊಂಡಳು. ತೌಡಿನ ವ್ಯಾಪಾರದ ಹಕ್ಕು ನನಗೆ ಬಂತು. ಅವ್ವ ನನಗೆ ಬಿಟ್ಟು ಹೋದ ಆಸ್ತಿ ಎಂದರೆ ಇದೊಂದೇ ಎಂದು ಮನೆಯವರ ಮುಂದೆ ಚೇಷ್ಟೆ ಮಾಡುತ್ತಿದ್ದೆ.

ಆ ಕೂಸಿಗೆ ಈಗ ಅರವತ್ತು ದಾಟಿದೆ, ಮೊಮ್ಮಕ್ಕಳಿವೆ. ತೌಡಿನ ಪೊಟ್ಟಣ ಮನೆಗೆ ಬಂದ ವಾರವೇ ಆಕೆ ಅಕ್ಕಲಕೋಟದಿಂದ ಬಸ್ಸಿನಲ್ಲಿ ಬಂದಳು. ಅಕ್ಕೋರು ಹೋದ ಸುದ್ದಿ ಫೋನಿನಲ್ಲಿ ಮೊದಲೇ ತಿಳಿಸಿದ್ದಳು. ಮಂಡಿ ನೋವಿನಿಂದ ನಾನು ಮಣ್ಣಿಗೆ ಹೋಗಿರಲಿಲ್ಲ. ಚಹಾ ಕೊಟ್ಟೆ. ಕುಡಿಯುತ್ತ ಕೊನೆಯ ದಿನಗಳ ಸುದ್ದಿ ಹೇಳಿದಳು. ಅಕ್ಕೋರಿಗೆ ಎಲ್ಲ ಮರೆತುಹೋಗಿತ್ತಂತೆ. ಗಂಡನ ಹೆಸರು ಮರೆತರು, ಊರು ಮರೆತರು, ಉಂಡದ್ದನ್ನು ಮರೆತು ಮತ್ತೆ ಉಣ್ಣಲು ಕೇಳುತ್ತಿದ್ದರು. ಆದರೆ ನೆರೆಯವರು ಬಂದು "ನೋಡ್ರಿ, ನಿಮ್ಮ ಮಗಳು ಎಷ್ಟು ಸೇವಾ ಮಾಡ್ತಾಳ" ಎಂದರೆ ತಟ್ಟನೆ ಕಣ್ಣು ತೆರೆದು, "ನನ್ನ ಮಗಳಲ್ಲ, ಮಂದಿ ಕೂಸು" ಎನ್ನುತ್ತಿದ್ದರಂತೆ. ಅದೊಂದನ್ನು ಮರೆಯಲಿಲ್ಲ.

"ಯಾಕ ಅಂತಿದ್ಲು ಅಂತ ನನಗ ಗೊತ್ತೈತಿ ಅಕ್ಕ" ಎಂದಳು ಆಕೆ. "ಸಣ್ಣಾಕಿದ್ದಾಗಿಂದ ಗೊತ್ತೈತಿ. ಆದ್ರ ಒಂದ್ ಸಲ ಕೇಳಬೇಕಿತ್ತು."

ಅರವತ್ತು ದಾಟಿದ ಹೆಂಗಸು ಚಹಾದ ಬಸಿ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತ ಕೂತಿದ್ದಳು. ನಾನು ಆ ನೋಟವನ್ನು ಕಂಡಿದ್ದೆ. ತೌಡು ತಿರುಗಿ ಕೊಡಬೇಕಾದವರು ಹೋಗಿದ್ದರು, ತೆಗೆದುಕೊಳ್ಳಬೇಕಾದವರೂ ಹೋಗಿದ್ದರು. ಇನ್ನು ಯಾರು ಯಾರನ್ನು ಬಿಡಿಸಿಕೊಳ್ಳುವುದು? ಉಳಿದವಳು ನಾನೊಬ್ಬಳು. ನನ್ನ ಕೈಲಾದದ್ದು ಒಂದೇ ಇತ್ತು. ಅವಳ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡೆ.

"ನೀ ನಮ್ಮ ಕೂಸಲ್ಲ" ಎಂದೆ. "ನೀ ಅಕ್ಕೋರ ಮಗಳದೀ. ಅಕೀನಾ ನಿನ್ನ ಹಡದಾಳ."

ಆಕೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಬಹಳ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದುಕೊಂಡು, ಕುಂಕುಮ ಹಚ್ಚಿಸಿಕೊಂಡು, ಸಂಜೆಯ ಬಸ್ಸಿಗೆ ಹೊರಟಳು. ಹೋಗುವಾಗ ನಗುತ್ತಿದ್ದಳು. ನಾನು ಗೇಟಿನಲ್ಲಿ ನಿಂತು ನೋಡಿದೆ. ರಸ್ತೆಯ ಆಚೆ ಮುಚ್ಚಿಹೋದ ಗಿರಣಿಯ ಚಿಮಣಿ ಇನ್ನೂ ನಿಂತಿದೆ. ಹೊಗೆ ನಿಂತು ಎಷ್ಟೋ ವರ್ಷವಾಯಿತು, ಭೋಂಗಾವೂ ಇಲ್ಲ.

ಈಗ ನನಗೆ ಅಕ್ಕೋರು ಅರ್ಥವಾಗುತ್ತಾರೆ. ಮಾತಿನಿಂದ ರೋಗ ಬರುವುದಿಲ್ಲ ಎಂದು ನನಗೆ ಗೊತ್ತು. ನಾನೂ ಪೇಪರು ಓದುವವಳು, ಮೊಮ್ಮಕ್ಕಳಿಗೆ ಚುಚ್ಚುಮದ್ದು ಹಾಕಿಸಿದವಳು. ಮರುದಿನ ಬೆಳಗ್ಗೆ ಎದ್ದವಳು ಹಲ್ಲೂ ಉಜ್ಜದೆ ಅಕ್ಕಲಕೋಟಕ್ಕೆ ಫೋನು ಮಾಡಿದೆ. ಆಕೆಯೇ ಎತ್ತಿದಳು. ಇಷ್ಟು ಬೆಳಗ್ಗೆ ಏನಕ್ಕಾ ಎಂದಳು. ಏನಿಲ್ಲ, ಸುಮ್ಮನೆ ಎಂದೆ. ಅಂದಿನಿಂದ ದಿನಾ ಮಾಡುತ್ತಿದ್ದೇನೆ. ಊಟ ಕೇಳುತ್ತೇನೆ, ಮೊಮ್ಮಕ್ಕಳನ್ನು ಕೇಳುತ್ತೇನೆ. ಇಡುವ ಮುಂಚೆ, ಮರೆತಿದ್ದು ನೆನಪಾದವಳ ಹಾಗೆ, ಗಂಟಲು ಹೇಗಿದೆ ಎಂದು ಕೇಳುತ್ತೇನೆ.